ಬಾಣಂತನ ಮುಗಿದ ಮೇಲೂ

ಮಗಳ ಬಾಣಂತನಕ್ಕೆಂದು ಅವೆನ್ಯೂ ರಸ್ತೆಯಿಂದ ತಂದ ಸಾಂಬ್ರಾಣಿಯನ್ನು ಕೆಂಡದ ಮೇಲೆ ಉದುರಿಸಿದೆ. ಹೊಗೆ ಎದ್ದದ್ದೇ ತಡ, ಚಾಮರಾಜಪೇಟೆಯ ನಮ್ಮ ವಠಾರ, ಎದುರು ಮನೆಯ ಅಕ್ಕ...

ತೊಂಬತ್ತರ ದಶಕ. ನಾನಾಗ ಕಾಲೇಜಿನಲ್ಲಿದ್ದೆ. ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆರಿಗೆಯಾದ ಐದನೇ ತಿಂಗಳಲ್ಲಿ ಗಂಡ ಬಂದು ತಾಯಿ ಮಗುವನ್ನು ಕರೆದೊಯ್ಯಬೇಕಿತ್ತು, ಬರಲಿಲ್ಲ. ಕರೆಯದೆ ಹೋದರೆ ಮರ್ಯಾದೆ ಏನಾಗಬೇಕು ಎಂದು ಅವಳ ಅಪ್ಪ ಪಟ್ಟು ಹಿಡಿದರು. ಅಕ್ಕನಿಗೋ ಹೋಗುವ ಆಸೆ. ಗೇಟು ಸದ್ದಾದರೆ ಸಾಕು, ಮಗುವನ್ನೆತ್ತಿಕೊಂಡು ಹೊರಗೆ ಬರುತ್ತಿದ್ದಳು. ಮಗು ನಡೆಯಿತು, ಮಾತೂ ಕಲಿಯಿತು...

ಆಮೇಲೆ ಒಂದು ದಿನ ಕೋರ್ಟಿನಿಂದ ರಿಜಿಸ್ಟರ್ಡ್ ಕವರ್ ಬಂತು. ಅಕ್ಕ ಕೈ ಚಾಚಿದಳು. ಅಪ್ಪ ಅಡ್ಡ ನಿಂತರು.

"ತಗೋಬೇಡ. ನಿನ್ನ ಸಹಿ ಇಲ್ದೆ ಯಾವ ಡೈವೋರ್ಸೂ ಆಗಲ್ಲ."

ಪೋಸ್ಟ್‌ಮ್ಯಾನ್ ಕವರ್ ವಾಪಸ್ ಒಯ್ದ. ವಠಾರವೆಲ್ಲ ಹೌದೌದು ಎಂದಿತು. ಒಬ್ಬರಾದರೂ ವಕೀಲರನ್ನು ಕೇಳೋಣ ಎನ್ನಬಾರದಿತ್ತೇ? ಮರ್ಯಾದಸ್ಥರು ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲವಂತೆ! ನೆನೆದರೆ ಈಗಲೂ ಮೈ ಉರಿಯುತ್ತದೆ.

ಗಂಡನಿಗೆ ಇನ್ನೊಂದು ಮದುವೆಯಾಯಿತೆಂಬ ಸುದ್ದಿ ಬಂದ ಮೇಲೆ ಅಕ್ಕ ಮನೆಯಲ್ಲಿ ಹೇಳದೆ, ನನ್ನನ್ನು ಜೊತೆ ಮಾಡಿಕೊಂಡು ಬಸವನಗುಡಿಯ ಲಾಯರ್ ಮೇಡಂ ಹತ್ತಿರ ಹೋದಳು. ಅವರು ಕೋರ್ಟಿನಿಂದ ತೀರ್ಪಿನ ಪ್ರತಿ ತರಿಸಿ ಓದಿ ಹೇಳಿದರು. ಅಕ್ಕ ಗಂಡನನ್ನು ತೊರೆದು ಎರಡು ವರ್ಷಕ್ಕೂ ಮೇಲೆ ತವರಲ್ಲೇ ಉಳಿದಿದ್ದಾಳೆ, ನೋಟಿಸ್ ಕಳಿಸಿದರೂ ಹಾಜರಾಗಲಿಲ್ಲ, ಆದ್ದರಿಂದ ವಿಚ್ಛೇದನ. ಕವರ್ ಬೇಡವೆಂದರೂ ಅದು ತಲುಪಿದ ಲೆಕ್ಕವೇ ಅಂತೆ.

"ನೀವಾಗೇ ಯಾಕಮ್ಮ ಗಂಡನ ಮನೆಗೆ ಹೋಗ್ಲಿಲ್ಲ?"

"ಕರ್ಕೊಂಡ್ ಹೋಗೋಕೆ ಅವರು ಬರ್ಲಿಲ್ವಲ್ಲ ಮೇಡಂ."

ಅಪೀಲಿನ ಗಡುವು ಮುಗಿದಿತ್ತು. ಜೀವನಾಂಶ ಮಾತ್ರ ಕೇಳಬಹುದು ಎಂದರು ಮೇಡಂ. ಆ ಕವರ್ ಬಂದ ದಿನವೇ ಬಂದಿದ್ದರೆ... ಎಂದು ಅರ್ಧಕ್ಕೇ ನಿಲ್ಲಿಸಿದರು.

ಹೋದ ವರ್ಷ ಅಕ್ಕ ಮತ್ತಿಕೆರೆಯಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡಳು. ಆ ತವರಿನಿಂದ ಅವಳನ್ನು ಕೊನೆಗೂ ಬಂದು ಕರೆದುಕೊಂಡು ಹೋದವಳು ಅಂದಿನ ಆ ಮಗುವೇ.

ಬೆಳಿಗ್ಗೆ ನನ್ನ ಅಳಿಯ ಫೋನ್ ಮಾಡಿದ್ದ. ಕರೆದೊಯ್ಯಲು ಬರುವುದು ಮುಂದಿನ ತಿಂಗಳಾಗಬಹುದಂತೆ. ಒಳ್ಳೆಯ ಹುಡುಗ, ಅನುಮಾನವೇನಿಲ್ಲ. ಆದರೂ ಫೋನಿಟ್ಟವಳೇ ಮಗಳ ಬಟ್ಟೆ ಚೀಲಕ್ಕೆ ತುಂಬತೊಡಗಿದೆ, ನಾಳೆ ನಾನೇ ಬಿಟ್ಟು ಬರುತ್ತೇನೆಂದೆ.

"ಇರಮ್ಮ, ಕರ್ಕೊಂಡ್ ಹೋಗೋಕೆ ಅವರೇ ಬರ್ಲಿ" ಎಂದಳು ಮಗಳು.

ಚೀಲದ ಜಿಪ್ ಎಳೆದೆ.