ಮುನಿಲಕ್ಷ್ಮಿಯ ಕಣ್ಣು

ಹೋಲಿ ಘೋಸ್ಟ್ ಒಂದನ್ನು ಬಿಟ್ಟು ಬೇರೆ ಯಾವ ಘೋಸ್ಟೂ ಇಲ್ಲ ಎಂದು ಕಾನ್ವೆಂಟಿನ ಸಿಸ್ಟರ್‌ಗಳು ಹೇಳಿಕೊಟ್ಟಿದ್ದರು. ಫ್ರಾಂಕ್ ಆಗಿ ಹೇಳುತ್ತೇನೆ, ಮುದುಕಿಯಾಗುವವರೆಗೂ ನಾನು ಹಾಗೇ ನಂಬಿದ್ದೆ. ಯಾರಾದರೂ ದೆವ್ವದ ಕಥೆ ಶುರು ಮಾಡಿದರೆ ಎದ್ದು ಹೋಗಿ ಕಾಫಿಗೆ ಇಡುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ಎದ್ದು ಹೋದರೆ ಬೇಸರವಿಲ್ಲ.

ಮುಳಬಾಗಿಲಿನಲ್ಲಿ ನಮ್ಮವರ ಫೋಟೋ ಸ್ಟುಡಿಯೋ ಇತ್ತು. ಕ್ಯಾಮೆರಾ ಅವರದು, ರೀಟಚಿಂಗ್ ನನ್ನದು. ಆಗೆಲ್ಲ ಹಳ್ಳಿಗಳಲ್ಲಿ ಎಷ್ಟೋ ಜನ ಬದುಕಿದ್ದಾಗ ಒಂದು ಫೋಟೋ ಕೂಡ ತೆಗೆಸಿರುತ್ತಿರಲಿಲ್ಲ. ತೀರಿಕೊಂಡ ಮೇಲೆ ಕುರ್ಚಿಯಲ್ಲಿ ಕೂರಿಸಿ, ಹೂ ಮುಡಿಸಿ, ನಮ್ಮವರನ್ನು ಕರೆಸುತ್ತಿದ್ದರು. ಫೋಟೋದಲ್ಲಿ ಮುಚ್ಚಿದ ರೆಪ್ಪೆಯ ಮೇಲೆ ತೆರೆದ ಕಣ್ಣು ಬರೆಯುವುದು ನನ್ನ ಕೆಲಸ. ಕಣ್ಣು ಹೇಗಿತ್ತೆಂದು ಮನೆಯವರನ್ನು ಕೇಳಿ ಬರೆಯುತ್ತಿದ್ದೆ. ನಂಗಲಿಯ ಮುನಿಲಕ್ಷ್ಮಿ ಹೆಣ್ಣು ಮಗು ಹೆತ್ತು ಹದಿನೈದು ದಿನಕ್ಕೆ ಹೋಗಿಬಿಟ್ಟಾಗ ಗಂಡನಿಗೆ ಮಾತೇ ಹೊರಡಲಿಲ್ಲ. ಅತ್ತೆಯನ್ನು ಕೇಳಿದರೆ, "ಎಲ್ಲಾರಿಗೂ ಇದ್ದಂಗೇ ಇತ್ತು ಕಣಮ್ಮ" ಎಂದರು. ಎರಡು ದಿನ ಬ್ರಶ್ ಹಿಡಿದು ಕೂತೆ. ಕೊನೆಗೆ, ಒಬ್ಬಳೇ ಇದ್ದಾಗ, ಕನ್ನಡಿ ಎದುರಿಗಿಟ್ಟುಕೊಂಡು ನನ್ನ ಕಣ್ಣನ್ನೇ ಬರೆದುಬಿಟ್ಟೆ. ನಮ್ಮವರಿಗೂ ಹೇಳಲಿಲ್ಲ.

ನಮ್ಮವರು ಹೋದ ಮೇಲೆ, ಈಗ್ಗೆ ನಾಲ್ಕು ವರ್ಷದ ಹಿಂದೆ, ನನ್ನ ತಂಗಿಯ ಮೊಮ್ಮಗಳು ಸ್ವಾತಿ ಒಂದು ವರ್ಚುವಲ್ ಎಕ್ಸಿಬಿಷನ್ ಮಾಡಿದಳು. ಅವಳು ಕೋಲಾರದಲ್ಲಿ ಇಲ್ಲಸ್ಟ್ರೇಟರ್. ಹೆಡ್‌ಸೆಟ್ ಹಾಕಿಕೊಂಡರೆ ಎಲ್ಲೂ ಇಲ್ಲದ ಒಂದು ಕಟ್ಟಡದೊಳಗೆ ಓಡಾಡಬಹುದು. ನೋಡಲು ಬಂದವರು ಗೊಂಬೆಗಳ ಹಾಗೆ ಕಾಣುತ್ತಾರೆ, ತಲೆಯ ಮೇಲೆ ಹೆಸರು ತೇಲುತ್ತಿರುತ್ತದೆ. ಗೆಳೆಯರ ಚಿತ್ರಗಳು, ಫೋಟೋಗಳ ಜೊತೆಗೆ ನಮ್ಮ ಸ್ಟುಡಿಯೋಗೂ ಒಂದು ರೂಮ್ ಕೊಟ್ಟಿದ್ದಳು. ಸುದ್ದಿ ಕೇಳಿ ಮುನಿಲಕ್ಷ್ಮಿಯ ಮಗಳು ಶೈಲಜಾ ಗೋಡೆಯ ಮೇಲಿದ್ದ ಅಮ್ಮನ ಫೋಟೋ ಇಳಿಸಿ ತಂದಳು. ಅವಳಿಗೀಗ ನಲವತ್ತು ದಾಟಿದೆ, ಅಂಗನವಾಡಿ ಟೀಚರ್. ಸ್ಕ್ಯಾನ್ ಆಗುವಾಗ ಪಕ್ಕದಲ್ಲಿ ನಿಂತು ಹೇಳಿದಳು: "ಅಮ್ಮನ ಕಣ್ಣು ನಂಗೆ ಬರ್ಲೇ ಇಲ್ಲ ನೋಡಿ ಆಂಟಿ. ಚಿಕ್ಕೋಳಿದ್ದಾಗ ಅದಕ್ಕೇ ಅಳ್ತಿದ್ದೆ."

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಕಾನ್ವೆಂಟಿನಲ್ಲಿ ಮೊದಲು ಕಲಿತ ಪದವೇ ಸಾರಿ. ಅದೇ ಬರಲಿಲ್ಲ.

ಎಕ್ಸಿಬಿಷನ್‌ಗೆ ಎರಡು ದಿನ ಮುಂಚೆ, ಮಧ್ಯಾಹ್ನ ಊಟವಾದ ಮೇಲೆ, ಸ್ವಾತಿ ನನಗೆ ಹೆಡ್‌ಸೆಟ್ ಹಾಕಿ ಒಳಗೆ ಬಿಟ್ಟಳು. ನಮ್ಮ ರೂಮಿನಲ್ಲಿ, ಮುನಿಲಕ್ಷ್ಮಿಯ ಫೋಟೋ ಮುಂದೆ, ಆಗಲೇ ಒಬ್ಬಳು ನಿಂತಿದ್ದಳು. ತಲೆಯ ಮೇಲೆ ಹೆಸರಿರಲಿಲ್ಲ. ಸ್ವಾತಿಯ ಫ್ರೆಂಡ್ ಇರಬೇಕೆಂದುಕೊಂಡು ಗುಡ್ ಆಫ್ಟರ್‌ನೂನ್ ಎಂದೆ. ಅವಳು ತಿರುಗಲಿಲ್ಲ.

"ಮಗು ಬೆಳೆದಿದ್ದೆಲ್ಲ ನೋಡ್ದೆ ಅಕ್ಕಾ. ಕನ್ನಡಿ ಮುಂದೆ ಕೂತ್ಕೊಂಡು ಎಷ್ಟು ಕಷ್ಟಪಟ್ಟು ಬರೆದೆ ನೀನು."

ನಂಗಲಿ ಕಡೆಯ, ತೆಲುಗಿನ ರಾಗವಿದ್ದ ಕನ್ನಡ. ನನಗೆ ಭಯವಾಗಲಿಲ್ಲ, ಅದೇ ವಿಚಿತ್ರ. ಯಾರೋ ತಲೆ ಸವರಿದಂತಾಯಿತು. ಹೆಸರು ಕೇಳುವಷ್ಟರಲ್ಲಿ ಅಲ್ಲಿ ಫೋಟೋ ಮಾತ್ರ ಇತ್ತು.

ಹೆಡ್‌ಸೆಟ್ ತೆಗೆದು, ಒಳಗೆ ಯಾರೋ ಮಾತಾಡಿಸಿದರು ಎಂದೆ. ಸ್ವಾತಿ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. ಆ ಹೊತ್ತು ಒಳಗಿದ್ದವಳು ನಾನೊಬ್ಬಳೇ. ಲಿಂಕ್ ಇನ್ನೂ ಯಾರಿಗೂ ಕಳಿಸಿರಲಿಲ್ಲ. "ಆಡಿಯೋನೇ ಕನೆಕ್ಟ್ ಮಾಡಿಲ್ವಲ್ಲ ಅಜ್ಜಿ" ಎಂದಳು.

ನನ್ನ ಗಿಲ್ಟೇ ಮಾತಾಡಿರಬಹುದು. ಕನ್ನಡಿಯ ವಿಷಯ ನನ್ನ ಹೊರತು ಇನ್ನಾರಿಗೂ ಗೊತ್ತಿರಲಿಲ್ಲವಷ್ಟೆ. ಆದರೆ ಆ ಸ್ವರ ನಾನು ಎಂದೂ ಕೇಳಿದ್ದಲ್ಲ.

ಮಾರನೆಯ ದಿನವೇ ಬಸ್ಸು ಹತ್ತಿ ನಂಗಲಿಗೆ ಹೋಗಿ ಶೈಲಜಾಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಕೈ ಹಿಡಿದು ಬಾಗಿಲ ಬೆಳಕಿಗೆ ಕರೆದುಕೊಂಡು ಹೋಗಿ ಕನ್ನಡಕ ತೆಗೆಸಿದಳು. ತುಂಬಾ ಹೊತ್ತು ನೋಡಿದಳು.

"ಹಂಗಾದ್ರೆ ಇಷ್ಟು ವರ್ಷ ನನ್ನ ನೋಡ್ತಿದ್ದಿದ್ದು ಯಾರು ಆಂಟಿ? ನೀವಾ, ಅಮ್ಮನಾ?"

ಗೊತ್ತಿಲ್ಲಮ್ಮ ಎಂದೆ. ಇವತ್ತಿಗೂ ಗೊತ್ತಿಲ್ಲ. ತಿಂಗಳಿಗೊಮ್ಮೆ ಅವಳು ಮುಳಬಾಗಿಲಿಗೆ ಬಂದು ನನ್ನೆದುರು ಕೂರುತ್ತಾಳೆ. ನಾನೇ ಕನ್ನಡಕ ತೆಗೆದಿಟ್ಟು, ಆದಷ್ಟು ಹೊತ್ತು ರೆಪ್ಪೆ ಬಡಿಯದೆ ಕೂತಿರುತ್ತೇನೆ.