ಕಪಾಟಿನೊಳಗಿನ ಮೊಸರು

ಈ ಪರದೇಶದಲ್ಲಿ ನಾವಿರುವ ಒನೆಹುಂಗಾದ ಪೇಟೆಯಲ್ಲಿ ಹಳೆಯ ಸಾಮಾನು ಮಾರುವ ಅಂಗಡಿಯೊಂದಿದೆ. ಕಳೆದ ವಾರ ಅದರ ಮುಂದೆ ಹೋಗುತ್ತಿದ್ದೆ. ಒಳಗೆ ಯಾರೋ ಹಳೆಯ ಕಂಪ್ಯೂಟರೊಂದು ನಡೆಯುತ್ತದೋ ಇಲ್ಲವೋ ನೋಡಲು ಹಚ್ಚಿಟ್ಟಿದ್ದರು. ಕಾದ ಧೂಳಿನ ವಾಸನೆ ಬಂತು. ಕಾಲುಗಳು ಅಲ್ಲೇ ನಿಂತವು.

"ಯಾಕವ್ವಾ, ನಿಂತಿ?" ಎಂದಳು ಮಗಳು.

"ಮಸರಿನ ವಾಸನಿ ಬಂತು."

ಮಗಳು ನನ್ನ ಮುಖ ನೋಡಿದಳು. ಮುದುಕರು ಏನಾದರೂ ಅಂದರೆ ಮಕ್ಕಳು ಹೀಗೇ ನೋಡುತ್ತಾರೆ. ನಿಮ್ಮ ಮನೆಯಲ್ಲೂ ನೋಡುತ್ತಿರಬಹುದು. ಆದರೆ ನನಗೇನೂ ಮರುಳು ಹಿಡಿದಿಲ್ಲ. ಕೇಳಿ.

ಕೆಲವು ವರ್ಷಗಳ ಹಿಂದೆ ನಾವು ಮಗಳು-ಅಳಿಯನ ಜೊತೆ ಸ್ಯಾಂಡ್ರಿಂಗಮ್‌ನಲ್ಲಿದ್ದೆವು. ಕಟ್ಟಿಗೆಯ ಮನೆ, ಚಳಿಗಾಲದಲ್ಲಿ ಒಳಗಿಗಿಂತ ಹೊರಗೇ ಬೆಚ್ಚಗೆ. ಹಾಲಿಗೆ ಹೆಪ್ಪು ಹಾಕಿದರೆ ಮರುದಿನವೂ ಅದು ಹಾಲೇ. ಟವೆಲು ಇಡುವ ಕಪಾಟಿನಲ್ಲಿ ಅಳಿಯ ಹಗಲೂ ರಾತ್ರಿ ನಡೆಯುವ ಒಂದು ಕಂಪ್ಯೂಟರು ಯಂತ್ರ ಇಟ್ಟಿದ್ದ. ಅದು ಅವನದಲ್ಲ, ಶನಿವಾರದವರದು. ಯಾವಾಗಲೂ ಗುಂಯ್ ಎನ್ನುತ್ತಿತ್ತು. ಬಾಗಿಲು ತೆರೆದರೆ ಕತ್ತಲಲ್ಲಿ ಒಂದು ಹಸಿರು ದೀಪ, ಮುಖಕ್ಕೆ ಬೆಚ್ಚನೆಯ ಉಸಿರು. ಒಂದು ದಿನ ಅದರ ಮೇಲೆ ಹಾಲಿನ ಪಾತ್ರೆ ಇಟ್ಟೆ. ಮುಂಜಾನೆ ನೋಡಿದರೆ ಚಾಕುವಿನಿಂದ ಕೊಯ್ಯುವಂಥ ಮೊಸರು! ಅಂದಿನಿಂದ ಆ ಕಪಾಟಿನ ಮುಂದೆ ಸುಮ್ಮನೆ ನಿಲ್ಲುವುದು ರೂಢಿಯಾಯಿತು. ಹಾಲು ಮೊಸರಾಗುವುದು ಕಣ್ಣಿಗೆ ಕಾಣುವುದಿಲ್ಲ, ಆ ಯಂತ್ರದ ಕೆಲಸವೂ ಕಾಣುವುದಿಲ್ಲ. ಎರಡೂ ಆ ಕತ್ತಲಲ್ಲಿ ತಮ್ಮಷ್ಟಕ್ಕೆ ನಡೆದಿರುತ್ತಿದ್ದವು. ನನಗೆ ನಿಂತಲ್ಲೇ ನಿದ್ದೆಗೆ ಕಣ್ಣು ಜಗ್ಗುತ್ತಿತ್ತು.

ಶನಿವಾರದವರೆಂದರೆ ನಾಲ್ಕೈದು ಮಂದಿ. ವಾರವೆಲ್ಲ ಕಚೇರಿಯಲ್ಲಿ ಕಂಪ್ಯೂಟರು ಕುಟ್ಟಿ, ರಜೆಯ ದಿನ ನಮ್ಮ ಊಟದ ಮೇಜಿಗೆ ಬಂದು ಮತ್ತೆ ಅದನ್ನೇ ಕುಟ್ಟುವವರು, ಪಗಾರವಿಲ್ಲದೆ. ಅವರ ಮುಂದಾಳು ಸುಮತಿ, ಮೈಸೂರಿನವಳು, ಮನುಕಾವ್‌ನಲ್ಲಿ ನೌಕರಿ. ಕನ್ನಡ ಮಾತಾಡಿದರೆ ಫೋನಿಗೆ ತಿಳಿಯಬೇಕು, ಅದಕ್ಕಾಗಿ ಕಂಡಕಂಡವರ ದನಿ ಕೂಡಿಸಬೇಕು. ಇದು ಅವರ ಕೆಲಸ.

"ಮಾಡಿದ್ದನ್ನ ಯಾರಿಗೆ ಮಾರ್ತೀರಿ?" ಎಂದು ಕೇಳಿದೆ.

"ಮಾರಲ್ಲ ಅಜ್ಜಿ. ಯಾರ್ ಬೇಕಾದ್ರೂ ತಗೋಬಹುದು, ಇನ್ನೊಬ್ರಿಗೆ ಕೊಡಬಹುದು."

"ಹಂಗಾರ ಹೆಪ್ಪು ಅನ್ನು."

ಅವಳು ನಕ್ಕಳು. ಮುಂದೆ ಹೊಸಬರು ಬಂದಾಗಲೆಲ್ಲ ಹೆಪ್ಪಿನ ಮಾತನ್ನೇ ಹೇಳಿ ತಿಳಿಸುತ್ತಿದ್ದಳು. ನನ್ನ ಹೆಸರು ಮಾತ್ರ ಎತ್ತುತ್ತಿರಲಿಲ್ಲ. ಇರಲಿ, ಅದನ್ನೂ ಪುಕ್ಕಟೆ ಕೊಟ್ಟಂತಾಯಿತು.

ನನ್ನ ದನಿಯನ್ನೂ ಕೇಳಿದಳು. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಪರದೆಯ ಮೇಲಿನ ಸಾಲು ಓದುವುದು ಆಗದ ಮಾತು ಎಂದೆ. ನಮ್ಮ ಯಜಮಾನರು ಮಾತ್ರ ಎದೆಯುಬ್ಬಿಸಿ ಕುಳಿತರು. ಒಂದು ಸಾಲು ಓದುವುದು, ಕೆಮ್ಮುವುದು, ವಾಕ್ಯವೇ ಸರಿಯಿಲ್ಲವೆಂದು ಜಗಳ ತೆಗೆಯುವುದು.

"ತಾತ, ಬರ್ದಿರೋದನ್ನ ಮಾತ್ರ ಓದಿ. ಮಿಕ್ಕಿದ್ದನ್ನೆಲ್ಲ ಆಮೇಲೆ ನಾನು ಕತ್ತರಿಸ್ಬೇಕು."

"ಕತ್ತರಿಸ್ಕೋ. ನಿನಗೂ ಕೆಲಸ ಬ್ಯಾಡೇನು?"

ಆ ಚಳಿಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು. ಅವರ ಓದು ಯಂತ್ರದಲ್ಲಿ ಉಳಿಯಿತು; ಸುಮತಿ ಕತ್ತರಿಸಲು ಇನ್ನೂ ಕುಳಿತಿರಲಿಲ್ಲ. ಕೇಳಿಸೆಂದು ನಾನೂ ಹೇಳಲಿಲ್ಲ. ಕಪಾಟಿನಲ್ಲಿದ್ದಾರೆ, ಬೆಚ್ಚಗಿದ್ದಾರೆ ಅಂದುಕೊಂಡೆ. ಮೊಸರಿನ ಪಾತ್ರೆಯನ್ನು ಸದ್ದಾಗದಂತೆ ಇಡುತ್ತಿದ್ದೆ, ಅಷ್ಟೆ.

ಎಲ್ಲದರ ನಕಲು ಎರಡು ಕಡೆ ಇಡಿ ಎಂದು ಉಳಿದವರನ್ನು ಬೈಯುತ್ತಿದ್ದವಳು ಸುಮತಿಯೇ. ಒಂದು ಶನಿವಾರ ಮೊಸರನ್ನ ಕಲಸಲು ಪಾತ್ರೆ ತರಹೋದಳು. ಟವೆಲಿಗೆ ಕೈ ಸಿಕ್ಕಿತು, ಪಾತ್ರೆ ಮಗುಚಿತು. ಯಂತ್ರ ಒಮ್ಮೆ ಚರ್ ಎಂದಿತು. ಹಸಿರು ದೀಪ ಹೋಯಿತು.

"ಅಜ್ಜಿ, ಮಿಕ್ಕಿದ್ದೆಲ್ಲ ಬೇರೆ ಕಡೆ ಇದೆ. ತಾತಂದು... ತಾತಂದು ಇದ್ರಲ್ಲಿ ಮಾತ್ರ ಇತ್ತು. ನಕಲು ತೆಗೀಲಿಲ್ಲ ನಾನು."

"ಸತ್ತವರು ಎರಡನೇ ಸಲ ಸಾಯೂದಿಲ್ಲ. ಮದಲ ಮಸರು ಒರಸು," ಎಂದೆ.

ಅಂದದ್ದು ಹಾಗೆ. ಆದರೆ ಮರುದಿನ ಹಾಲು ಕಾಯಿಸಲಿಲ್ಲ. ಅದರ ಮರುದಿನವೂ ಇಲ್ಲ. ಮನೆಯಲ್ಲಿ ಗುಂಯ್ ಎನ್ನುವುದು ನಿಂತಿತ್ತು.

ಸುಮತಿ ತಮ್ಮ ಗುಂಪಿನ ಕಂಡವರಿಗೂ ಕಾಣದವರಿಗೂ ಬರೆದು ಕೇಳಿದಳು. ಡನೆಡಿನ್‌ನಿಂದ ಈ ದೇಶದವನೇ ಒಬ್ಬ ಉತ್ತರ ಕೊಟ್ಟ. ನಮ್ಮಲ್ಲಿ ಯಾರೂ ಅವನ ಮುಖ ನೋಡಿದವರಲ್ಲ. ಅವನಿಗೆ ಕನ್ನಡದ ಒಂದಕ್ಷರ ಬಾರದು. ಗೊತ್ತಿಲ್ಲದ ಭಾಷೆಯಲ್ಲಿ ತನ್ನ ಪ್ರೋಗ್ರಾಮು ನಡೆಯುತ್ತದೋ ಎಂದು ನೋಡಲು ನಮ್ಮ ಯಂತ್ರದಲ್ಲಿದ್ದುದನ್ನೆಲ್ಲ ಹಿಂದೊಮ್ಮೆ ಇಳಿಸಿಕೊಂಡಿದ್ದನಂತೆ. ಹೆಪ್ಪು ಒಯ್ದವನು ಹೆಪ್ಪು ಮರಳಿಸಿದ. ಯಾವುದು ಓದು, ಯಾವುದು ಬರಿಯ ಮಾತು ಅವನಿಗೆ ತಿಳಿಯದು. ಹಾಗಾಗಿ ಏನನ್ನೂ ಕತ್ತರಿಸಿರಲಿಲ್ಲ.

ಮೇಜಿನ ಸುತ್ತ ಕುಳಿತು ಕೇಳಿದೆವು. "ರೈಲು ಎಷ್ಟು ಗಂಟೆಗೆ ಹೊರಡುತ್ತದೆ?" ಎಂದು ಓದಿದರು. ಕೆಮ್ಮಿದರು. ಆಮೇಲೆ ಪಕ್ಕಕ್ಕೆ ತಿರುಗಿದ ದನಿ: "ಲೇ ಇಕೀ, ಚಾ ಇಟ್ಟಿ ಏನ?"

ನಾನು ಎದ್ದು ಒಳಗೆ ಹೋಗಿ ಎಲ್ಲರಿಗೂ ಚಾ ಇಟ್ಟೆ.

ಈಗಿನ ಮನೆ ಬೆಚ್ಚಗಿದೆ. ಮೊಸರಿಗೆ ಯಾವ ಯಂತ್ರವೂ ಬೇಡ. ಆದರೂ ಆ ಅಂಗಡಿಯ ಮುಂದೆ ನಿಂತೇ, ಸುಮತಿಗೆ ಫೋನು ಹಚ್ಚು ಎಂದೆ ಮಗಳಿಗೆ.

"ಶನಿವಾರ ಬಾ. ನನ್ನ ದನಿ ತಗೊಂಡು ಹೋಗು."

"ಅಜ್ಜಿ! ಓದಕ್ಕಾಗಲ್ಲ ಅಂತಿದ್ರಲ್ಲ?"

"ನೀ ಓದು. ನಾ ನಿನ್ನ ಹಿಂದಿಂದ ಅಂತೀನಿ."

ನಿನ್ನೆ ಬಂದಳು. ಮೇಜಿನ ಮೇಲೆ ದನಿ ಹಿಡಿಯುವ ಯಂತ್ರದ ಪುಟ್ಟ ಕೆಂಪು ದೀಪ ಹತ್ತಿತು. ಅವಳು ಮೊದಲ ಸಾಲಿಗೆ ಬಾಯಿ ತೆರೆಯುವ ಮುಂಚೆಯೇ ನಾನು ಹೇಳಿದೆ:

"ಚಾ ಇಟ್ಟೀನ್ರೀ, ಬರ್ರಿ."

ಸುಮತಿ ತಲೆಯೆತ್ತಿ ನೋಡಿದಳು.

"ಅದನ್ನ ಕತ್ತರಿಸಬ್ಯಾಡ," ಎಂದೆ. "ಈಗ ಓದು."