ಕೂಗಿಗೆ ಓಗೊಡದ ಮಾಳ

ನಮ್ಮ ಚಲನಚಿತ್ರ ಕೂಟದಲ್ಲಿ ಆ ಎರಡು ವರ್ಷ ವಾರಕ್ಕೊಬ್ಬರಾದರೂ ಮನೆ ಬಿಡುತ್ತಿದ್ದರು. ಒಬ್ಬ ಟೈ ಕಿತ್ತೆಸೆದು ಕಚೇರಿಯ ಮೆಟ್ಟಿಲಿಳಿದ. ಇನ್ನೊಬ್ಬ ಮೊಬೈಲನ್ನು ನದಿಗೆ ಎಸೆದು ಬೆಟ್ಟ ಹತ್ತಿದ. ಒಬ್ಬಳು ಗಂಡನ ಬಂಗಲೆ ಬಿಟ್ಟು ಸರೋವರದ ದಂಡೆಯಲ್ಲಿ ತಾನೇ ಮನೆ ಕಟ್ಟಿಕೊಂಡಳು. ಮೊಳೆ ಹೊಡೆಯುವಾಗ ಅವಳ ಉಗುರು ಕೂಡ ಮುರಿಯಲಿಲ್ಲ. ಎಲ್ಲರೂ ಪರದೆಯ ಮೇಲೆ, ಶನಿವಾರ ಮಧ್ಯಾಹ್ನ ಮೂರರಿಂದ ಐದರೊಳಗೆ ಮುಕ್ತರಾಗುತ್ತಿದ್ದರು. ಆಮೇಲೆ ನಮಗೆ ಚಹಾ, ಬಿಸ್ಕತ್ತು.

ನಾನು ಆಗ ಕಾರವಾರದ ಕಾಲೇಜೊಂದರಲ್ಲಿ ಇಂಗ್ಲಿಷಿನ ಅತಿಥಿ ಉಪನ್ಯಾಸಕಿ. ಕೂಟ ನಡೆಸುತ್ತಿದ್ದವರು ನಮ್ಮ ವಿಭಾಗದ ಹಿರಿಯ ಅಧ್ಯಾಪಕರು, ನಮಗೆಲ್ಲ ಸರ್. ಡಿವಿಡಿಗಳನ್ನು ಗೋವಾದಿಂದ ತರಿಸಿ, ಪ್ರೊಜೆಕ್ಟರ್ ಹಚ್ಚಿ, ಪ್ರತಿ ಚಿತ್ರದ ಕೊನೆಗೆ ಒಂದೇ ಮಾತು ಹೇಳುತ್ತಿದ್ದರು. ನೂರೈವತ್ತು ವರ್ಷಗಳ ಹಿಂದೆ ಅಮೆರಿಕದ ಕೆಲವು ಚಿಂತಕರು ಕಂಡದ್ದನ್ನು ಇಂದಿನ ಸಿನಿಮಾ ಮತ್ತೆ ಕಾಣುತ್ತಿದೆ. ಸಮಾಜ ಮನುಷ್ಯನನ್ನು ಕೆಡಿಸುತ್ತದೆ. ಒಳದನಿಯೊಂದನ್ನೇ ನಂಬಿ ಕಾಡಿನ ಏಕಾಂತಕ್ಕೆ ಹೋದವನಿಗೆ ಮಾತ್ರ ಇಂದ್ರಿಯಗಳನ್ನು ಮೀರಿದ ಸತ್ಯ ದಕ್ಕುತ್ತದೆ. ಇದನ್ನು ಸ್ಟಾಫ್ ರೂಮಿನಲ್ಲೂ ಹೇಳುತ್ತಿದ್ದರು, ಹೆಂಡತಿ ಕಟ್ಟಿಕೊಟ್ಟ ಮೂರು ಅಂತಸ್ತಿನ ಡಬ್ಬಿಯನ್ನು ಬಿಚ್ಚುತ್ತ.

ಧಾರವಾಡದಲ್ಲಿ ಎಂ.ಎ. ಓದುವಾಗ ನಾನೂ ಆ ಚಿಂತಕರನ್ನು ಮೆಚ್ಚಿಕೊಂಡಿದ್ದೆ. ಹಾಸ್ಟೆಲಿನಲ್ಲಿ ಮೂವರಿಗೊಂದು ಕೋಣೆ ಇದ್ದಾಗ ಏಕಾಂತದ ಬಗ್ಗೆ ಯಾರು ಬರೆದರೂ ಚೆನ್ನಾಗಿಯೇ ಕಾಣುತ್ತದೆ. ಸಿನಿಮಾಗಳನ್ನು ನೋಡುವಾಗ ಮಾತ್ರ ಸಣ್ಣ ಸಂಶಯಗಳು ಬರುತ್ತಿದ್ದವು. ಕಾಡಿನಲ್ಲಿ ಒಬ್ಬನೇ ಇರುವವನ ಅಂಗಿಯನ್ನು ಯಾರು ಒಗೆಯುತ್ತಾರೆ? ಅವನು ಒಬ್ಬನೇ ಎಂಬುದನ್ನು ಅಷ್ಟು ಹತ್ತಿರದಿಂದ ಯಾರು ಚಿತ್ರಿಸುತ್ತಿದ್ದಾರೆ? ನಾನು ಕೇಳಲಿಲ್ಲ. ಕೇಳುವ ಸ್ವಭಾವ ನನ್ನದಲ್ಲ.

ಒಂದು ಮಾರ್ಚಿನಲ್ಲಿ ತರಗತಿಗಳು ಮುಗಿದಾಗ ಸರ್ ತಾವೂ ಹೊರಡುವುದಾಗಿ ಘೋಷಿಸಿದರು. ಎಂಟು ದಿನ, ಕಾಡಿನ ಅಂಚು, ಒಂದು ಗುಡಿಸಲು, ಒಂದು ನೋಟ್‌ಬುಕ್ಕು. ಗುಡಿಸಲು ಎಲ್ಲಿ ಸಿಗುತ್ತದೆ ಎಂಬುದೊಂದು ತೊಡಕಾಗಿತ್ತು.

ಅದೇ ವಾರ ಹಿಲ್ಲೂರಿನ ನನ್ನ ಅತ್ತೆ, ಅಪ್ಪನ ಅಕ್ಕ, ಕಣ್ಣಿನ ಪೊರೆ ತೆಗೆಸಿಕೊಳ್ಳಲು ಕಾರವಾರಕ್ಕೆ ಬಂದು ಎಂಟು ದಿನ ನನ್ನ ಕೋಣೆಯಲ್ಲಿ ಉಳಿಯಬೇಕಿತ್ತು. ಅವಳಿಗಿದ್ದ ಚಿಂತೆ ಕಣ್ಣಿನದಲ್ಲ, ಶೇಂಗಾದ್ದು. ಭತ್ತ ಕೊಯ್ದ ಗದ್ದೆಯಲ್ಲಿ ಹಾಕಿದ ಶೇಂಗಾ ಬಲಿಯುತ್ತಿತ್ತು. ಅವಳ ವರ್ಷದ ಎಣ್ಣೆ ಅದರಿಂದ, ಮುಂದಿನ ವರ್ಷದ ಬಿತ್ತನೆಯ ಬೀಜವೂ ಅದರಿಂದಲೇ. ಮಂಗಗಳಿಗೂ ಅದು ಗೊತ್ತಿತ್ತು. ಗದ್ದೆಯಲ್ಲಿ ಕಾವಲಿಗೆಂದು ಕಟ್ಟಿದ ಅಟ್ಟದ ಗುಡಿಸಲು ಇತ್ತು. ನಮ್ಮ ಕಡೆ ಅದಕ್ಕೆ ಮಾಳ ಎನ್ನುತ್ತಾರೆ. ಇಬ್ಬರ ಕಷ್ಟವನ್ನೂ ಒಂದೇ ಏಟಿಗೆ ನೀಗಿಸುವ ಜಾಣತನ ಮಾಡಿದವಳು ನಾನು.

"ನಂಗೆ ಕಾಯುವವ್ರು ಬೇಕು, ಅವ್ರಿಗೆ ಮಾಳ ಬೇಕು. ಕಳಸು ಮಗಾ," ಎಂದಳು ಅತ್ತೆ. "ಆದ್ರೆ ಕೂಗೂಕೆ ಬತ್ತದ್ಯಾ ಅವ್ರಿಗೆ?"

"ಕಾಲೇಜಲ್ಲಿ ದಿನಾ ಅದೇ ಮಾಡ್ತಾರೆ ಅತ್ತೆ."

ಆ ಕೂಗಿನ ವಿಷಯ ಹೇಳಲೇಬೇಕು. ಕಾಡಿಗೆ ತಾಗಿ ಐದು ಗದ್ದೆ, ಐದು ಮಾಳ; ಅತ್ತೆಯದು ನಡುವಿನದು. ಬೆಳಗಾದಾಗಿನಿಂದ ಸಂಜೆಯವರೆಗೆ ಮೇಲಿನ ಮಾಳದವರು ಆಗಾಗ "ಹೋ" ಎಂದು ಕೂಗುತ್ತಾರೆ, ಕೆಳಗಿನವರು ಓಗೊಡುತ್ತಾರೆ, ಕೂಗು ಹಾಗೇ ಐದನೆಯ ಮಾಳದವರೆಗೆ ಇಳಿಯುತ್ತದೆ. ಮಂಗಗಳು ಮರದ ಮೇಲೆ ಕೂತು ಕೇಳಿಸಿಕೊಳ್ಳುತ್ತವೆ. ಯಾವ ಮಾಳ ಸುಮ್ಮನಾಯಿತೋ ಅಲ್ಲಿಂದ ಇಳಿಯುತ್ತವೆ, ಇಳಿದ ಮೇಲೆ ಪಕ್ಕದ ಗದ್ದೆಯನ್ನೂ ಬಿಡುವುದಿಲ್ಲ. ಅದಕ್ಕೇ ಅಲ್ಲಿ ಒಂದು ಕಟ್ಟು ಉಂಟು: ಸುಮ್ಮನಾಗಿ ಮಂಗ ಒಳಗೆ ಬಿಟ್ಟ ಮಾಳದವರು, ಶೇಂಗಾ ಕೀಳುವಾಗ ಉಳಿದ ನಾಲ್ಕು ಗದ್ದೆಗೂ ಒಂದೊಂದು ದಿನ ದುಡಿದುಕೊಡಬೇಕು. ಇದಿಷ್ಟನ್ನೂ ನಾನು ಸರ್‌ಗೆ ಕಾಗದದ ಮೇಲೆ ಬರೆದುಕೊಟ್ಟೆ. ಅವರು ಓದಿ, "ಎಷ್ಟು ಪ್ರಾಚೀನ!" ಎಂದು ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡರು.

ಊಟದ ವ್ಯವಸ್ಥೆಯನ್ನು ಅತ್ತೆಯೇ ಮಾಡಿದ್ದಳು. ಪಕ್ಕದ ಗದ್ದೆಯ ಹೆಂಗಸು ಎರಡು ಹೊತ್ತು ಗಂಜಿ, ಒಣಮೀನಿನ ಚಟ್ನಿ ಕೊಡುವುದೆಂದು ಮಾತಾಗಿತ್ತು.

ಎಂಟು ದಿನ ಕಳೆದು ನಾನು ಅತ್ತೆಯನ್ನು ಕರೆದುಕೊಂಡು ಹಿಲ್ಲೂರಿಗೆ ಹೋದಾಗ ಸರ್ ಮೊದಲ ಬಸ್ಸಿಗೇ ಹೊರಟುಬಿಟ್ಟಿದ್ದರು. ಗದ್ದೆಯಲ್ಲಿ ಕಾಲುಭಾಗವೂ ಉಳಿದಿರಲಿಲ್ಲ. ಕಿತ್ತ ಗಿಡಗಳು ಒಣಗಿ ಬಿದ್ದಿದ್ದವು, ಸಿಪ್ಪೆ ಎಲ್ಲೆಡೆ. ಪಕ್ಕದ ಹೆಂಗಸು ಬದುವಿನ ಮೇಲೆ ನಿಂತೇ ಶುರು ಮಾಡಿದಳು.

"ಮೊದ್ಲನೇ ದಿನ ಕೂಗಿದ್ರು ಅಕ್ಕಾ, ಸುಳ್ಳು ಹೇಳೂದಿಲ್ಲ. ಎರಡನೇ ದಿನ ಸದ್ದೇ ಇಲ್ಲ. ಸತ್ತೇ ಹೋದ್ರೇನ ಅಂದ್ಕಂಡು ನನ್ನ ಗದ್ದೆ ಬಿಟ್ಟು ಓಡಿ ಬಂದೆ. ನೋಡಿದ್ರೆ ಕಣ್ಮುಚ್ಕಂಡು ಕೂತಾರೆ! ಎಂತಕ್ಕೆ ಕೂಗೂದಿಲ್ಲ ಮಾಸ್ತರೇ ಅಂದ್ರೆ, ಮಂದಿ ಕೂಗಿದ್ರು ಅಂತ ತಾನು ಕೂಗೂದಿಲ್ವಂತೆ. ಒಳಗಿಂದ ಬಂದ್ರೆ ಕೂಗ್ತಾರಂತೆ."

"ಬಂತಾ?" ಎಂದಳು ಅತ್ತೆ.

"ಗಂಜಿ ತಡ ಆದ ದಿನ ಬಂತು."

ಅತ್ತೆ ನಗಲಿಲ್ಲ. ಬಾಗಿ ಒಂದು ಗಿಡ ಎತ್ತಿದಳು, ಬೇರು ತಡವಿದಳು, ಹಾಕಿದಳು. ಇನ್ನೊಂದನ್ನು ಎತ್ತಿದಳು. "ಎಣ್ಣೆ ಅಂಗಡಿಯಿಂದ ತಂದ್ರಾಯ್ತು," ಎಂದಳು. "ಬೀಜ?" ಅವಳ ಬೀಜ ಅವಳ ಅತ್ತೆಯ ಕಾಲದಿಂದ ಆ ಗದ್ದೆಯಲ್ಲೇ ಬಿದ್ದು ಆ ಗದ್ದೆಯಲ್ಲೇ ಎದ್ದದ್ದು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. "ನೀ ಸುಮ್ನಿರು. ಈ ವರ್ಷ ಸುಮ್ನಿದ್ದೋರು ಸಾಕು," ಎಂದಳು.

ಮುಂದಿನ ಶನಿವಾರ ಕೂಟದಲ್ಲಿ ಸಿನಿಮಾ ಇರಲಿಲ್ಲ, ಸರ್ ಅವರ ಅನುಭವ ಕಥನವಿತ್ತು. ಅಂದೇ ಅತ್ತೆಯ ಕಣ್ಣು ತೋರಿಸುವ ದಿನ. ಅವಳನ್ನು ಬಿಸಿಲಲ್ಲಿ ಬಿಡಲಾರದೆ ಸಭಾಂಗಣಕ್ಕೇ ಕರೆದೊಯ್ದು ಕೊನೆಯ ಸಾಲಿನಲ್ಲಿ ಕೂರಿಸಿದೆ. ಆಸ್ಪತ್ರೆಯ ಕಪ್ಪು ಕನ್ನಡಕದಲ್ಲಿ ಅವಳು ಯಾವುದೋ ಚಿತ್ರೋತ್ಸವದ ನಿರ್ದೇಶಕಿಯಂತೆ ಕಾಣುತ್ತಿದ್ದಳು. ಸರ್ ಚೆನ್ನಾಗಿಯೇ ಮಾತಾಡಿದರು. ಎಂಟು ದಿನ ಮನುಷ್ಯರ ಸಂಪರ್ಕವಿಲ್ಲದೆ, ಸಂಪೂರ್ಣ ಸ್ವಾವಲಂಬಿಯಾಗಿ ಬದುಕಿದ್ದನ್ನು ವರ್ಣಿಸಿದರು. ನಂತರ ದನಿ ತಗ್ಗಿಸಿ, "ನಾಲ್ಕನೆಯ ದಿನ ಮಂಗಗಳು ನನ್ನಿಂದ ಕೈಯಳತೆಯಲ್ಲಿ ಬಂದು ಕೂತವು. ನನ್ನಲ್ಲಿ ಅವುಗಳಿಗೆ ಶತ್ರು ಕಾಣಲಿಲ್ಲ. ನಮ್ಮ ನಡುವಿನ ಗೋಡೆ ಬಿದ್ದಿತ್ತು," ಎಂದರು. ಮುಂದಿನ ಸಾಲಿನ ಒಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು.

"ಮಾಸ್ತರೇ," ಎಂದಳು ಅತ್ತೆ, ಐದನೆಯ ಮಾಳಕ್ಕೂ ಕೇಳುವ ದನಿಯಲ್ಲಿ. "ಮಂಗ ಹತ್ರ ಬಂದು ಕೂತಾಗ ಅದ್ರ ಕೈಲಿ ಎಂತಾ ಇತ್ತು?"

ಸರ್ ಕೊನೆಯ ಸಾಲಿನತ್ತ ಕಣ್ಣು ಕಿರಿದಾಗಿಸಿದರು. "ಏನೋ ತಿನ್ನುತ್ತಿದ್ದವು ಅಮ್ಮಾ. ಯಾವುದೋ ಗಿಡ."

"ಯಾವುದೋ ಅಲ್ಲ. ಶೇಂಗಾ. ನಂದು."

ಯಾರೋ ನಕ್ಕರು, ಉಳಿದವರು ಕಾದರು. ಅತ್ತೆ ಎದ್ದು ನಿಂತು, ಸಿಟ್ಟಿಲ್ಲದೆ, ನಾಲ್ಕು ಗದ್ದೆಯ ಕೆಲಸದ ಲೆಕ್ಕ ಹೇಳಿದಳು. ನಾಳೆ ಭಾನುವಾರ ಮೇಲಿನ ಗದ್ದೆ ಕೀಳುತ್ತಾರೆ, ಬರಬೇಕು ಎಂದಳು. ಸರ್ ಮುಗುಳ್ನಕ್ಕು, ಇದೇ ಸಮಾಜದ ಕಟ್ಟುಪಾಡು, ಇದರಿಂದ ಬಿಡಿಸಿಕೊಳ್ಳಲೆಂದೇ ತಾವು ಹೋಗಿದ್ದು ಎಂದು ಸಭೆಗೆ ವಿವರಿಸಿದರು. ಮರುದಿನ ಅವರಿಗೆ ಜ್ವರ ಬಂದಿತ್ತು.

ನಾನು ಹೋದೆ. ಎರಡು ಭಾನುವಾರ ಮತ್ತು ನಡುವಿನ ಎರಡು ರಜೆಯ ದಿನ, ನಾಲ್ಕು ಗದ್ದೆ. ಬೆರಳ ತುದಿ ಒಡೆದು ಉತ್ತರಪತ್ರಿಕೆ ತಿದ್ದುವ ಪೆನ್ನು ಹಿಡಿಯಲಾಗದಂತಾಯಿತು. ಸ್ಟಾಫ್ ರೂಮಿನಲ್ಲಿ ಸರ್ ನನ್ನ ಕೈ ನೋಡಿ, "ಮಣ್ಣಿನ ಸ್ಪರ್ಶ ಒಳ್ಳೆಯದು," ಎಂದರು.

"ನಿಮ್ಮದೇ ಸ್ಪರ್ಶ ಸರ್," ಎಂದೆ. "ನಾನು ಬದಲಿ ಅಷ್ಟೆ." ಹೇಳುವ ಸ್ವಭಾವವೂ ನನ್ನದಲ್ಲ. ಆದರೂ ಹೇಳಿದ್ದು ಹೇಳಿಯಾಗಿತ್ತು.

ನಾಲ್ಕನೆಯ ದಿನದ ಕೆಲಸ ಮುಗಿದಾಗ ಆ ನಾಲ್ಕು ಗದ್ದೆಯವರೂ ಅತ್ತೆಯ ಅಂಗಳಕ್ಕೆ ಬಂದು ಬೀಜದ ಶೇಂಗಾ ಸುರಿದರು. ನಾನು ಏನೋ ದೊಡ್ಡ ಮಾತು ಆಡುವವಳಿದ್ದೆ. ಅಷ್ಟರಲ್ಲಿ ಪಕ್ಕದ ಹೆಂಗಸು, "ಎಂತಾ ನೋಡ್ತೆ ತಂಗಿ, ಧರ್ಮಕ್ಕಲ್ಲ," ಎಂದಳು. "ನಿನ್ನ ಅತ್ತೆ ಬಿತ್ತದಿದ್ರೆ ಅವ್ಳ ಮಾಳ ಖಾಲಿ. ಮಾಳ ಖಾಲಿ ಬಿದ್ರೆ ನಡೂಲಿಂದ ಮಂಗ ಇಳ್ದು ನಮ್ಮ ಗದ್ದೆ ತಿಂತದೆ."

ಅತ್ತೆ ಆಗಲೇ ಮೊರ ತಂದು ಕೂತು, ಒಂದೊಂದು ಕಾಯಿಯನ್ನೂ ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತಿದ್ದಳು. ಅರ್ಧದಷ್ಟನ್ನು ಪಕ್ಕಕ್ಕೆ ತಳ್ಳಿದಳು.

"ಇದು ಯಾರದ್ದು?" ಎಂದಳು. "ಬೀಜಕ್ಕೆ ಆಗೂದಿಲ್ಲ. ವಾಪಸ್ ತಕಂಡು ಹೋಗಿ, ಒಳ್ಳೇದು ತನ್ನಿ."